ಕಿವಿಗಲ್ಲು

ಕೋಡಿಯಾಕ್ ದ್ವೀಪದ ಕಾಲೇಜಿನ ಹಿಂಬದಿಯ ಕೋಣೆ.
ಮಂಗಳವಾರ ಸಂಜೆ ಆರೂವರೆ, ಏಳು ಕುರ್ಚಿ, ಏಳು ಜನ.
ಹಾಜರಿ ಕೂಗುವ ಗೊಡವೆಯಿಲ್ಲ ಮಾರ್ಫಾ ಟೀಚರಿಗೆ,
ಬಾಗಿಲ ಬಳಿ ಕಳಚಿಟ್ಟ ರಬ್ಬರ್ ಬೂಟು ಎಣಿಸಿ
ಎರಡರಿಂದ ಭಾಗಿಸುತ್ತಾಳೆ.

ನಾನು ಪೆರ್ಲಿಟಾ. ಹಗಲೆಲ್ಲ ಕಾರ್ಖಾನೆಯಲ್ಲಿ
ಕಾಡ್ ಮೀನಿನ ಹೊಟ್ಟೆ ಸೀಳುವವಳು.
ತಪಾಸಣೆಯ ಮೇಜಿಗೆ ಏರಬೇಕೆಂದರೆ
ಸಂಖ್ಯಾಶಾಸ್ತ್ರ ಒಂದು ಪಾಸಾಗಬೇಕಂತೆ.
ತಾಸಿಗೆ ಮೂರು ಡಾಲರ್ ಹೆಚ್ಚು,
ಬೆರಳಿಗೆ ಅಷ್ಟು ಚಳಿ ಕಡಿಮೆ.

ಮನೆಪಾಠವೆಲ್ಲ ಪರದೆಯ ಮೇಲೆ.
ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ ಅದರ ಬಾಗಿಲು ಮುಚ್ಚುತ್ತದೆ,
ಅತ್ತರೂ ತೆರೆಯುವುದಿಲ್ಲ.
ಸೊನ್ನೆ ಬಿಂದು ಆರು ಎಂಟು ಎಂದು ಬರೆದೆ. ತಪ್ಪು.
ಬಾಲಕ್ಕೆ ಇನ್ನೊಂದು ಸೊನ್ನೆ ಅಂಟಿಸಿದೆ. ಸರಿ!
ಏನೂ ಇಲ್ಲದ್ದಕ್ಕೂ ಹೀಗೊಂದು ಬೆಲೆಯುಂಟೆಂದು
ನಲವತ್ತಮೂರಕ್ಕೆ ತಿಳಿಯಿತು ನನಗೆ.

ಗಾಳಿ ಎದ್ದ ರಾತ್ರಿ ಇಂಟರ್ನೆಟ್ ಸಾಯುತ್ತದೆ.
ಆಗ ನಾವೆಲ್ಲ ಬಟ್ಟೆ ಒಗೆಯುವ ಅಂಗಡಿಗೆ,
ಅಲ್ಲಿ ಮಾತ್ರ ಜೀವ ಹಿಡಿದಿರುತ್ತದೆ ಸಿಗ್ನಲ್ಲು.
ಇಸ್ಮಾಯೆಲ್ ಕಾಟುಬಿಗ್ ಕಾಲುಚೀಲಗಳನ್ನು
ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ಹಾಸಿ
ನಡುವಿನದನ್ನು ಎತ್ತಿ ಹಿಡಿದ:
"ಇದೇ ಕಣೇ ಮಧ್ಯಾಂಕ. ತೂತು ಬಿದ್ದಿದೆ, ಆದರೂ ಇದೇ."

ಐದನೇ ವಾರ ಟೀಚರ್ ತಂದಳು
ತನ್ನ ಹಗಲಿನ ಪ್ರಯೋಗಾಲಯದಿಂದ ಒಂದು ಲಕೋಟೆ.
ಒಳಗೆ ಹಾಲಿಬಟ್ ಮೀನಿನ ಕಿವಿಗಲ್ಲು,
ಉಗುರಿನಷ್ಟು, ಹಳೆಯ ಹಲ್ಲಿನ ಬಣ್ಣ.
ವರ್ಷಕ್ಕೊಂದು ಉಂಗುರವಂತೆ, ಮರದ ಹಾಗೆ.
"ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಪಕ್ಕದವರ ಚೀಟಿ ನೋಡಬೇಡಿ."

ಹದಿನಾಲ್ಕು. ಹದಿನೈದು. ಹದಿನಾಲ್ಕು. ಹದಿಮೂರು.
ಹದಿನೈದು, ಅದು ನನ್ನದು. ಮತ್ತೆ ಹದಿನಾಲ್ಕು.
ಕೊನೆಯ ಚೀಟಿ ಮುದುಕ ಫ್ಯೋದರನದು: ಇಪ್ಪತ್ತೆರಡು.

ಒಂದೇ ಕಲ್ಲು. ಒಂದೇ ದೀಪ.
ಸರಾಸರಿ ಹದಿನೈದು ಬಿಂದು ಎರಡು ಎಂಟು ಆರು,
ನಮ್ಮಲ್ಲಿ ಯಾರೂ ಹೇಳದೇ ಇದ್ದ ಸಂಖ್ಯೆ
ನಮ್ಮೆಲ್ಲರ ಹೆಸರಲ್ಲಿ ಬಂದು ಕೂತಿತು.
ಪರದೆ ಒಂದು ಪೆಟ್ಟಿಗೆ ಬರೆಯಿತು, ಎರಡು ಮೀಸೆ ಎಳೆಯಿತು,
ಫ್ಯೋದರನನ್ನು ದೂರ ಒಂದು ನಕ್ಷತ್ರ ಮಾಡಿ ನಿಲ್ಲಿಸಿತು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನಕ್ಕೆವು. ನಾನೂ ನಕ್ಕೆ.

ನಲವತ್ತು ವರ್ಷ ಹಾಲಿಬಟ್ ಎಳೆದ ಕೈ
ಮೇಜಿನ ಮೇಲೆ ಸುಮ್ಮನೆ ಮಲಗಿತ್ತು.
"ಅಂಚು ನೋಡಿ," ಎಂದ, ಅಷ್ಟೇ.

ನೋಡಿದೆವು, ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು.
ಎಳೆಯ ವರ್ಷಗಳು ಅಗಲ, ಕೈಚಾಚಿ ಕೂತಂತೆ.
ಆಮೇಲಿನವು ಒತ್ತೊತ್ತಾಗಿ, ಕೊನೆಯ ಅಂಚಿನಲ್ಲಿ
ಒಂದರ ಬೆನ್ನಿಗೆ ಒಂದು ಆತು ನಿಂತಿವೆ,
ಮುದಿತನಕ್ಕೆ ಜಾಗ ಸಾಲದ ಹಾಗೆ.
ನಾವು ಆರು ಜನ ಅದನ್ನು ಬರೀ ಅಂಚೆಂದುಕೊಂಡಿದ್ದೆವು.

ಟೀಚರ್ ಲಕೋಟೆ ತಿರುಗಿಸಿದಳು. ಬೆನ್ನಿಗೆ ಪೆನ್ಸಿಲಿನಲ್ಲಿ: ಇಪ್ಪತ್ತೊಂದು.
"ಇದೂ ಇಬ್ಬರು ಕೂತು ಎಣಿಸಿದ್ದೇ," ಎಂದಳು.
"ಮೀನನ್ನು ಕೇಳೋಣವೆಂದರೆ, ಅದನ್ನು ತಿಂದಾಗಿದೆ."

ಆ ರಾತ್ರಿ ಪರದೆ ಕೇಳಿತು:
ಗುಂಪಿಗೆ ಸೇರದ ಬಿಂದುವನ್ನು ತೆಗೆದುಹಾಕಬೇಕೆ?
ಹನ್ನೊಂದು ಐವತ್ತೆಂಟು. ಬೇಡ ಎಂದು ಒತ್ತಿದೆ.
ಎರಡು ಅಂಕ ಹೋಯಿತು.
ಹೋಗಲಿ, ಆ ಎರಡು ಅಂಕಕ್ಕೆ ನಾನು ಇನ್ನೊಂದು ಸಲ
ಎಲ್ಲರ ಜೊತೆ ನಗಬೇಕಿತ್ತು.

ಮಾರ್ಚ್ ಬಂತು, ಹಾಲಿಬಟ್ ಕಾಲ ತೆರೆಯಿತು.
ಬಾಗಿಲಲ್ಲಿ ಬೂಟು ಹನ್ನೆರಡು.
ಟೀಚರ್ ಭಾಗಿಸಿದಳು, ಏಳನೇ ಕುರ್ಚಿ ಎತ್ತಿಡಲಿಲ್ಲ.
ಮನೆಪಾಠದ ಪುಟದಲ್ಲಿ, ಬಾಗಿಲು ಮುಚ್ಚುವ ಹೊತ್ತಿಗೆ,
ಫ್ಯೋದರನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ,
ಯಾವ ಅಲೆಯ ಮೇಲಿಂದಲೋ.
ಒಂದೇ ಸಾಲು ಬರೆದಿದ್ದ:
"ನಾನೂ ಒಂದು ಹೆಚ್ಚಿಗೆ ಎಣಿಸಿದ್ದೆ."