ಹೊಸ ಕ್ಲೀನರಿಗೆ ಜಗ್‌ಸೀರ್ ಹೇಳಿದ್ದು

ಗೇಜಾ, ಟಯರು ಆಮೇಲೆ ಬಡಿ. ಮೊದಲು ಇದು ಕಲಿ.
ಢಾಬಾ ಮುಂದೆ ಲಾರಿ ನಿಂತ ಕೂಡಲೇ
ಹಗ್ಗದ ಮಂಚದ ಮೇಲೆ ಕಾಲು ಚಾಚಬೇಡ,
ಹಿತ್ತಲ ಕಡೆಯಿಂದ ಒಲೆಯ ಹತ್ತಿರ ಹೋಗು.
ಬೋರ್ಡು ಓದಬೇಡ. ಹಂಚು ನೋಡು.
ಮೆಕ್ಕೆಜೋಳದ ರೊಟ್ಟಿ ಇದೆ ಅಂತಾರೆ, ಸುಳ್ಳಲ್ಲ,
ಆದರೆ ಅದೇ ಹಂಚಿನಿಂದ ಈಗ ತಾನೆ
ಒಂದು ಪರೋಟ ಎದ್ದು ಹೋಗಿರುತ್ತೆ,
ತನ್ನ ಬಿಳಿ ಪುಡಿ ಹಾಸಿಗೆಯಲ್ಲೇ ಬಿಟ್ಟು.

ದಾಲ್‌ಗೆ ಯಾವ ಇಂಗು ಹಾಕಿದ್ದು, ಕೇಳು.
ನಗ್ತಾರೆ. ನಗಲಿ.
ಇಂಗಿನ ಡಬ್ಬಿಯಲ್ಲೂ ಗೋಧಿಹಿಟ್ಟು ಬೆರೆಸಿರ್ತಾರೆ ಅಂತ
ಮೂವತ್ತೊಂಬತ್ತು ವರ್ಷ ನನಗೂ ಗೊತ್ತಿರಲಿಲ್ಲ.
ಲುಧಿಯಾನದ ಡಾಕ್ಟರ ಮುಂದೆ
ಇಂಗು ತಿಂದ ಮಂಗನ ಹಾಗೇ ಕೂತಿದ್ದೆ,
ನಲವತ್ತೆಂಟು ಕಿಲೋ, ಪೇಟ ಸೇರಿಸಿ.
ಕರುಳಿನೊಳಗೆ ಪೈರಿನ ಹಾಗೆ ನಿಂತಿರಬೇಕಾದ್ದು
ಪೂರಾ ಬೋಳಾಗಿದೆ, ಕೊಯ್ಲು ಮುಗಿದ ಹೊಲ, ಅಂದ.
ಕೊಯ್ದದ್ದು ಯಾರು? ಅಂದೆ.
ಗೋಧಿ, ಅಂದ.

ನಮ್ಮ ಬೆನ್ನ ಹಿಂದೆ ಟಾರ್ಪಾಲಿನ ಕೆಳಗೆ
ಈಗ ಇರೋದೇನು ಹೇಳು.
ಖನ್ನಾ ಮಂಡಿಯಲ್ಲಿ ತುಂಬಿದ ಇಪ್ಪತ್ತೆರಡು ಟನ್ನು.
ನಗಬೇಡ. ಹಗ್ಗ ಸಡಿಲಾಗಿದ್ಯಾ ನೋಡು.

ಬಿಯರೂ ಇಲ್ಲ. ಅದು ಬಾರ್ಲಿಯ ರಸ.
ತಂಗಿ ಮದುವೆಯಲ್ಲಿ ಬೀಗರು ಗ್ಲಾಸು ತಳ್ಳಿದರು,
ಗಂಡಸಲ್ವೇನಯ್ಯಾ ಅಂದರು.
ರಮ್ಮು ತರಿಸಿ, ತೋರಿಸ್ತೀನಿ, ಅಂದೆ.
ಅದು ಬೇರೆ ಕತೆ, ಇನ್ನೊಂದು ರಾತ್ರಿಗೆ.

ಪಿಪ್ಲಿ ದಾಟಿದ ಮೇಲೆ ಬೇವಿನ ಮರ, ಅಲ್ಲಿ ಚರ್ನೋ ಬೀಬಿ.
ಈ ರೋಡಿನಲ್ಲಿ ನನ್ನ ಮಾತು ನಂಬಿದ್ದು ಅವಳೊಬ್ಬಳೇ.
ನನಗೇ ಅಂತ ಒಂದು ಬಾಣಲೆ, ಒಂದು ಸೌಟು, ಒಂದು ತಟ್ಟೆ,
ಬೇರೆ ಮೊಳೆಗೆ, ಕೆಂಪು ದಾರ ಕಟ್ಟಿ.
ಹೋದ ಮಾಘದಲ್ಲಿ ಅವಳ ಮಗ ಪಾಲಿ
ಆ ತಟ್ಟೆ ಒರೆಸಿದ, ಹೆಗಲ ಮೇಲಿನ ಬಟ್ಟೆಯಿಂದ,
ಇಡೀ ದಿನದ ಹಿಟ್ಟು ಮೆತ್ತಿದ ಬಟ್ಟೆ,
ಮುಖ ಕಾಣೋ ಹಾಗೆ ಒರೆಸಿದ ಕಣೋ, ಅಷ್ಟು ಅಕ್ಕರೆ.
ನಾನು ಕಂಡೆ.
ಬೀಬಿ ನನ್ನ ಮುಖವನ್ನೇ ನೋಡ್ತಿದ್ದಳು.
ತಿಂದೆ.
ಮೂರು ದಿನ ಪಾಣಿಪತ್ತಿನಲ್ಲಿ ಲಾರಿ ನಿಂತಿತು,
ನಾನು ನಿಲ್ಲಲಿಲ್ಲ, ಚೊಂಬು ಹಿಡಿದು ಓಡಾಡಿದ್ದೇ ಬಂತು.
ಅದಕ್ಕೇ ಹೇಳ್ತೀನಿ,
ಬೈಯೋ ಕಡೆ ಒಂದು ಸಲ ಕೇಳು,
ಪ್ರೀತಿ ಇರೋ ಕಡೆ ಎರಡು ಸಲ.

ಗುರುದ್ವಾರದಲ್ಲಿ ಏನು ಮಾಡಬೇಕೋ
ನನಗೇ ಇನ್ನೂ ತಿಳಿದಿಲ್ಲ.
ಪಂಕ್ತಿಭೇದ ಬೇಡ ಅಂತಲೇ ಹಾಸಿದ ಚಾಪೆ ಅದು.
ಸರದಾರನೂ ಸಗಣಿ ಬಾಚುವವನೂ
ತೊಡೆಗೆ ತೊಡೆ ತಾಗಿಸಿ ಕೂತಿರುವಾಗ
ನಾನೊಬ್ಬ ಡಬ್ಬಿ ಬಿಚ್ಚಬೇಕು.
ಏನಪ್ಪಾ ಮಡಿವಂತ, ಅನ್ನುತ್ತವೆ ಕಣ್ಣುಗಳು.
ನಮ್ಮ ತಾತನಿಗೆ ಬೇರೆ ಲೋಟ ಇಟ್ಟಿದ್ದ ಊರು, ಗೇಜಾ.
ಅಪ್ಪ ಆ ಲೋಟವನ್ನು ಚರಂಡಿಗೆಸೆದು
ಬೆನ್ನ ಮೇಲೆ ಏಟು ತಿಂದ.
ಈಗ ನಾನು ಹೋದಲ್ಲೆಲ್ಲ
ಬೇರೆ ಲೋಟ ಕೊಡಿ, ಅಂತ ಕೈ ಮುಗೀತೀನಿ.

ಪ್ರಸಾದ ಬಂದಾಗ ಬೊಗಸೆ ಒಡ್ಡುತ್ತೇನೆ.
ಬೇಡ ಅನ್ನುವ ನಾಲಿಗೆ ನನಗಿಲ್ಲ.
ಬಿಸಿ ಹಲ್ವ, ತುಪ್ಪ ಬೆರಳ ಸಂದಿಯಲ್ಲಿ ಇಳಿದು
ಮುಂಗೈಗೆ ಹರಿಯುತ್ತೆ, ಆ ವಾಸನೆ,
ಅಮ್ಮ ಹಿಟ್ಟು ಹುರಿಯುತ್ತಿದ್ದ ವಾಸನೆ.
ಇಷ್ಟು ದಿನ ಪಕ್ಕದ ಯಾವುದೋ ಮಗುವಿಗೆ ಕೊಡ್ತಿದ್ದೆ.
ಇನ್ನು ಅದು ನಿನ್ನ ಕೆಲಸ.
ನನ್ನ ಎಡಕ್ಕೆ ಕೂತುಕೋ. ನಿನ್ನ ಪಾಲೂ ನಿನ್ನದೇ, ನನ್ನದೂ.
ವರ್ಷದಲ್ಲಿ ದಪ್ಪ ಆಗ್ತೀಯ.

ಹಾಂ, ಅಂಬಾಲಾದಲ್ಲಿ ಬಾಳೆಹಣ್ಣು ತಗೋ, ಒಂದು ಡಜನ್.
ಬೇಯಿಸಿದ ಮೊಟ್ಟೆ ಆರು.
ಸಿಪ್ಪೆ ಇರೋದೇ ಈ ರೋಡಿನಲ್ಲಿ ನಂಬಿಗಸ್ತ.
ನೀನು ಸುಲೀಬೇಡ.
ಕೈ ತೊಳೆದಿದ್ದೀಯ, ಗೊತ್ತು.
ಆದರೂ ಸುಲಿಯೋದು ನಾನೇ.