ಏಕೆಂದರೆ

ಮಾಲ್ದಾರೆ ಶಾಲೆಯ ಕಾಂಪೌಂಡು ಗೋಡೆಯಲ್ಲೀಗ
ಒಂದು ಆನೆಯಷ್ಟು ಅಗಲದ ತೆರಪು.
ಅದರಾಚೆ ಕಾಫಿ, ಕಾಫಿಯಾಚೆ ಕಾಫಿ, ಆಮೇಲೆ ಕಾಡು.
ಅಡುಗೆ ಕೋಣೆ ಹಿಂದಿನ ಹಲಸಿನ ಮರ
ಕಡಿಯಬೇಕೆ, ಬೇಡವೆ?
ಬೋರ್ಡಿನ ಮೇಲೆ ಬರೆದೆ.
ಒಂಬತ್ತನೇ ತರಗತಿ, ನಾಲ್ಕನೇ ಪಿರಿಯಡ್ಡು,
ಸಾರಿನ ಒಗ್ಗರಣೆ ಆಗಲೇ ಬಾಗಿಲಿಗೆ ಬಂದಿತ್ತು.

ಮೊದಲು ಬಂದದ್ದು ಕೂಗು.
ಕಡೀಬೇಕು. ಕಡೀಬಾರದು. ಆನೆ ದೇವರು.
ನಿಮ್ಮ ಗೋಡೆ ಬೀಳಿಸಲಿ, ಆಗ ಗೊತ್ತಾಗ್ತದೆ ದೇವರು.
ಕೂಗಿಗೆ ಹಾಳೆಯಲ್ಲಿ ಜಾಗವಿಲ್ಲ, ಅಂದೆ.
ಬರೆಯಿರಿ. ಒಂದು ಮಾತು, ಅದರ ಕೆಳಗೆ ‘ಏಕೆಂದರೆ’.
ಅದರ ಕೆಳಗೆ ಕಣ್ಣು ಕಂಡದ್ದು, ಕೈ ಎಣಿಸಿದ್ದು.
ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು
ಇದ್ದೇ ಇರುತ್ತಾರೆ. ಬೈಯಬೇಡಿ.
ಮೊಲವನ್ನು ತರಹೇಳಿ.
ಮೇಜಿನ ಮೇಲೆ ಇಡಹೇಳಿ.

ಚಿಟ್ಟಿಯಪ್ಪ ಬರೆದ: ಕಡಿಯಬೇಕು, ಏಕೆಂದರೆ ತಾತ ಹೇಳಿದ್ದಾರೆ.
ತಾತನಿಗೆ ಯಾರು ಹೇಳಿದರು? ಕೆಂಪು ಶಾಯಿಯಲ್ಲಿ ಕೇಳಿದೆ.
ರಂಸೀನಾ ಬರೆದಳು: ಕಡಿಯಬಾರದು, ಏಕೆಂದರೆ ಪಾಪ.
ಪಾಪ ಯಾರು? ಮರವೋ, ಆನೆಯೋ, ಗರಗಸ ಹಿಡಿದವನೋ?
ಅವಳು ಪೆನ್ನು ಕಚ್ಚಿ, ಪಾಪವನ್ನು ಹೊಡೆದುಹಾಕಿ
‘ನೆರಳು’ ಎಂದು ಬರೆದಳು.
ಒಂದು ತಿಂಗಳ ಪಾಠ ಅದು,
ಐದು ನಿಮಿಷಕ್ಕೆ ಆಗಿಹೋಯಿತು.

ಇನ್ನೊಂದು ಹೇಳಿದೆ, ಕಷ್ಟದ್ದು:
ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಬರೆಯಿರಿ.
ಓದಿದವನು ‘ಹೌದು, ನಾನಂದದ್ದು ಇದೇ’ ಅನ್ನಬೇಕು.
ಆಮೇಲೆ ನಿಮ್ಮದು.
ಯಾರಿಗೂ ಇಷ್ಟವಾಗಲಿಲ್ಲ.
ನನಗೂ ಆಗುವುದಿಲ್ಲ, ಮನೆಯಲ್ಲಿ.

ಬೊಳ್ಳಿ ಬರೆಯುತ್ತಿರಲಿಲ್ಲ.
ಲೈನ್ ಮನೆಯ ಚಾತನ ಮಗಳು.
ಕೊಯ್ಲಿನ ದಿನಗಳಲ್ಲಿ ಹಾಜರಿ ಪುಸ್ತಕದ ತುಂಬ
ಅವಳ ಹೆಸರಿನ ಮುಂದೆ ಬರೀ ಗೆರೆ.
ಜೊಳ್ಳು ಹಣ್ಣು ಗೊತ್ತಾಗುವುದು ಹೇಗೆ?
ಕೇಳಿದೆ, ಸುಮ್ಮನೆ, ಮಾತಾಡಲಿ ಅಂತ.
‘ನೀರಿಗೆ ಹಾಕಿದರೆ ತೇಲ್ತದೆ ಸಾರ್.’
ಅಷ್ಟೇ. ತಲೆ ತಗ್ಗಿಸಿ ಬರೆಯತೊಡಗಿದಳು:

    ಮರ ಕಡಿಯಿರಿ ಅನ್ನುವವರು ಹೇಳುವುದು,
    ಹಲಸಿನ ವಾಸನೆಗೆ ಆನೆ ಬರುತ್ತದೆ ಅಂತ.
    ಅದು ನಿಜ. ನಾನೂ ನೋಡಿದ್ದೇನೆ.
    ಆದರೆ ಗೋಡೆ ಬಿದ್ದದ್ದು ಪುತ್ತರಿ ಕಳೆದ ಮೇಲೆ.
    ಆಗ ಮರದಲ್ಲಿ ಒಂದು ಹಣ್ಣೂ ಇರಲಿಲ್ಲ.
    ಬೆಳಿಗ್ಗೆ ಅಲ್ಲಿ ಲದ್ಧಿ ಇತ್ತು. ಕೋಲಿನಲ್ಲಿ ಬಿಡಿಸಿದೆ.
    ಕಾಫಿ ಬೀಜ, ನಲವತ್ತರವರೆಗೆ ಎಣಿಸಿದೆ.
    ಹಲಸಿನ ಬೀಜ ಇಲ್ಲ.
    ಆನೆ ಬಂತು ಅಂತ ಕಡಿಯುವುದಾದರೆ
    ಮೊದಲು ತೋಟ ಕಡಿಯಬೇಕು.
    ತೋಟ ಕಡಿದರೆ ಅಪ್ಪನಿಗೆ ಕೆಲಸ ಇಲ್ಲ.
    ಆದ್ದರಿಂದ ಎರಡೂ ಬೇಡ.

ಗಟ್ಟಿಯಾಗಿ ಓದಿಸಿದೆ. ಚಿಟ್ಟಿಯಪ್ಪ ಎದ್ದು ನಿಂತ.
‘ಅದು ಒಂದೇ ಆನೆಯ ಲದ್ದಿ, ಒಂದೇ ದಿನದ್ದು.
ಹಣ್ಣಾದಾಗ ಇನ್ನೊಮ್ಮೆ ಎಣಿಸಬೇಕು.’
ತಾತನ ಹೆಸರು ತೆಗೆಯಲಿಲ್ಲ.
‘ಎಣಿಸುವಾ’ ಅಂದಳು ಬೊಳ್ಳಿ, ‘ನೀನೇ ಕೋಲು ಹಿಡಿ.’

ನನ್ನ ಚೀಲದಲ್ಲಿ ಒಂದು ಅರ್ಜಿಯಿತ್ತು, ಅರಣ್ಯ ಇಲಾಖೆಗೆ.
ನಾನೇ ಬರೆದದ್ದು. ಮುಖ್ಯೋಪಾಧ್ಯಾಯರ ಸಹಿ, ಸೀಲು ಬಿದ್ದಾಗಿತ್ತು.
ಮರವನ್ನು ಕಡಿಸಿಕೊಡಬೇಕಾಗಿ
ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ…
ತೆಗೆದು ಓದಿದೆ.
ಏನೆಂದರೆ ಇತ್ತು.
ಏಕೆಂದರೆ ಇರಲಿಲ್ಲ.
ಮಡಿಚಿ ಒಳಗಿಟ್ಟೆ.

ಬೊಳ್ಳಿಗೆ ಹತ್ತಕ್ಕೆ ಎಂಟು ಹಾಕಿದ್ದೆ.
ಊಟದ ತಟ್ಟೆ ಕಂಕುಳಲ್ಲಿಟ್ಟು ಮೇಜಿನ ಹತ್ತಿರ ಬಂದಳು.
‘ಎರಡು ಯಾಕೆ ಹೋಯ್ತು ಸಾರ್?’
‘ಕಾಗುಣಿತ’ ಅಂದೆ. ‘ಲದ್ದಿಗೆ ಮಹಾಪ್ರಾಣ ಬೇಡ.’
ಬೆರಳಿಟ್ಟು ಮೊದಲ ಸಾಲಿಂದ ಕೊನೆಯವರೆಗೆ
ನಿಧಾನವಾಗಿ ಇಳಿದಳು.
‘ತಪ್ಪು ಒಂದೇ ಉಂಟಲ್ಲ?’

ಒಂದು ಅಂಕ ವಾಪಸು ಕೊಟ್ಟೆ.