ಎರಡೂ ಬದಿ

ಎಸ್ಪಿ ಆಫೀಸಿನ ಎದುರು, ಬೇವಿನ ಮರದ ಕೆಳಗ
ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕ ಎರಡು ರೂಪಾಯಿ, ಎರಡೂ ಬದಿ ಇದ್ದರ ಮೂರು.
ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಸತ್ತವರ ದಾಖಲೆ
ಎಲ್ಲಾ ಇದೇ ಗಾಜಿನ ಮ್ಯಾಲ ಬೋರಲು ಮಲಗಿ
ಒಂದು ಹಸಿರು ಬೆಳಕು ಕಂಡು ಎದ್ದು ಹೋಗ್ತಾವ.

ರೊವೆನಾ ಬರೋದು ವೀಸಾ ತೀರೋ ಮೊದಲು,
ತಲಿ ಮ್ಯಾಲ ಸೆರಗು, ಬಗಲಾಗ ಪ್ಲಾಸ್ಟಿಕ್ ಫೈಲು.
"ಕರೆಂಟ್ ಅದ ಏನಣ್ಣ?"
ಆ ಕನ್ನಡಕ್ಕ ದೇವದುರ್ಗದ ಬಿಸಲು ಹತ್ಯಾದ.
ಅತ್ತಿ ಅಕಿನ್ನ ರೇವಮ್ಮ ಅಂತಾಳ.
ಫೈಲಿನಾಗ ಮಾತ್ರ ಇನ್ನೂ
ಫಿಲಿಪ್ಪೀನ್ಸ್, ಹೆಣ್ಣು, ವಿವಾಹಿತೆ.

ಗಂಡ ಯಂಕೋಬ ಒಮಾನಿನ ಸಲಾಲಾದಾಗ
ಮೀನಿನ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್.
ರಾಯಚೂರು ಜಿಲ್ಲಾದಾಂವ, ದುಡಿಯೋದು ಮೈನಸ್ ಹದಿನೆಂಟರಾಗ!
ಫೋನಿನಾಗ ತಾನೇ ಹೇಳಿ ತಾನೇ ನಗತಾನಂತ.
ಅಲ್ಲೇ ಭೇಟಿ, ಅಲ್ಲೇ ಜಗಳ, ಅಲ್ಲೇ ಪ್ರೀತಿ;
ಮದಿವಿ ನಮ್ಮಲ್ಲಿ, ರಿಜಿಸ್ಟ್ರಾರ್ ಮುಂದ.
ಆ ಸರ್ಟಿಫಿಕೇಟ್ ಎಷ್ಟು ಸಲ ತಗದೀನೋ,
ಮಡಿಕಿ ಬಿದ್ದಲ್ಲಿ ಅವನ ಹೆಸರಿನ ನಡುವಿನಕ್ಷರ ಸವದು
ಯಂಕೋಬ ಈಗ ಯಂಬ.

ಕಾಯ್ದೆ ನನಗ ಗೊತ್ತಿಲ್ಲ, ಕಾಗದ ಗೊತ್ತದ.
ಏಳು ವರ್ಷ ಈ ನೆಲದಾಗ ಇರಬೇಕಂತ,
ಕೊನಿ ಹನ್ನೆರಡು ತಿಂಗಳು ಕದಲದಂಗ.
ಪಾಸ್‌ಪೋರ್ಟಿನ ಹಾಳಿ ತಿರುವಿದರ
ಹೈದರಾಬಾದಿನ ಮುದ್ರಿ: ಬಂದದ್ದು, ಹೋದದ್ದು.
ಯಂಕೋಬನ ಕೈಗೆ ಅಮೋನಿಯಾ ಸಿಡಿದಾಗ
ಆರು ತಿಂಗಳು ಅಲ್ಲಿ, ಉಗುರು ಬರೋತನಕ
ಅನ್ನ ಕಲಸಿ ಉಣಿಸ್ಯಾಳ. ಲೆಕ್ಕ ಕಟ್ ಆತು.
ಮಗಳು ಹುಟ್ಟಿದ ಮ್ಯಾಲ, ತಂದಿ ಮಾರಿ ನೋಡಲಿ ಅಂತ
ಮತ್ತ ವರ್ಷದ ಮ್ಯಾಲ ಮೂರು ತಿಂಗಳು. ಕಟ್.
ಗಂಡನ ಹಂತ್ಯಾಕ ಇದ್ದ ದಿನ
ಹೆಂಡತಿ ಅನ್ನೋ ಲೆಕ್ಕಕ್ಕ ಬರಾಂಗಿಲ್ಲ;
ಬಿಟ್ಟು ಇದ್ದ ದಿನ ಒಂದೊಂದೂ ಬರ್ತದ.

ಆಫೀಸಿನ ಗುಮಾಸ್ತ ಹಂಪಣ್ಣ ಕೆಟ್ಟಾಂವಲ್ಲ.
ಚಾ ಕುಡಿಯಾಕ ಬಂದಾಗ ಅಂದ:
"ಅವ ಕಳಿಸಿದ ರೊಕ್ಕ ದೇಶಕ್ಕ ನಡೀತದ ಕಾಶೀಮಣ್ಣ,
ಅವನ ಕೂಡ ಕಳದ ದಿನ ನಡಿಯಾಂಗಿಲ್ಲ."
ಅಂದಾಂವ, ಕಪ್ ಇಟ್ಟು, ಒಳಗ ಹೋಗಿ
ಅಕಿ ಅರ್ಜಿಗೆ ಕೆಂಪು ಪೆನ್ನಿಲೆ ಗೀಟು ಎಳದ.

ನನ್ನಾಕಿ ಗದ್ವಾಲದಾಕಿ.
ಕೃಷ್ಣಾ ದಾಟಿ ಬಸ್ಸು ಇಳದ ಸಂಜಿಗೇ
ಇಲ್ಲಿಯಾಕಿ ಆಗಿಬಿಟ್ಟಳು, ಯಾರೂ ಕೇಳಲಿಲ್ಲ.
ರೇಷನ್ ಕಾರ್ಡಿಗೆ ಹೆಸರು ಸೇರಾಕ ಮೂರು ತಿಂಗಳು ಹಿಡೀತಂತ
ಸರ್ಕಾರಕ್ಕ ನಾನು ಇಡೀ ವರ್ಷ ಬೈದೀನಿ.

ಸುಗ್ಗ್ಯಾಗ ಜಿನ್ನಿಂಗ್ ಮಿಲ್ಲಿನ ಹತ್ತಿ ಎಳಿ
ತೇಲಿ ಬಂದು ಗಾಜಿನ ಮ್ಯಾಲ ಕೂಡ್ತದ.
ಎಷ್ಟು ಒರಸಿದರೂ ಒಂದಿಲ್ಲೊಂದು ಉಳೀತದ.
ಹೋದ ಸಲ ಅಕಿ ಕಾಪಿಯೊಳಗ, ಎರಡು ಮುದ್ರಿ ನಡುವ
ಕರಿ ಕೊಂಕು ಗೆರಿ ಮೂಡಿತ್ತು.
ಹಂಪಣ್ಣ ಕನ್ನಡಕ ಏರಿಸಿ ಕೇಳಿದ:
"ಇದ್ಯಾವ ದೇಶದ ಮುದ್ರಿನೋ?"
ರಾಯಚೂರಿಂದು, ಅಂದೆ.

ಇವತ್ತು ಮಗಳನ್ನೂ ಕರಕೊಂಡು ಬಂದಿದ್ದಳು.
ಹುಡುಗಿ ತನ್ನ ನೀಲಿ ಪುಸ್ತಕ, ಅವ್ವನ ಕೆಂಪು ಪುಸ್ತಕ
ಪಕ್ಕಪಕ್ಕ ಇಟ್ಟು ಸಿಂಹ ಎಣಿಸ್ತಿತ್ತು.
"ಅವ್ವಂದು ಬ್ಯಾರೆ ಯಾಕದ?"
ಅವ್ವ ನನ್ನ ಕಡಿ ನೋಡಿದಳು,
ನಾ ಮಶೀನಿಗೆ ಹಾಳಿ ತುಂಬಾಕ ಹತ್ತಿದೆ.

ಮನವಿ ಟೈಪ್ ಮಾಡಬೇಕಿತ್ತು. ಅಕಿ ಹೇಳಿದ್ದು:
"ಸಾಹೇಬರ, ಆ ದಿನ ನಾ ಪರದೇಶದಾಗ ಇದ್ದಿಲ್ಲ,
ಗಂಡನ ಮನ್ಯಾಗ ಇದ್ದೆ. ಅವನ್ನೂ ಹಿಡೀರಿ."
ನಾನು "ಗಂಡನ ಮನೆಯಲ್ಲಿ ವಾಸವಾಗಿದ್ದೆನು" ಅಂತ ಹೊಡದೆ.
ಓದಿಸಿ ಕೇಳಿದಳು. ತಡದು ಅಂದಳು:
"ವಾಸ ಬ್ಯಾಡಣ್ಣ, ಬರೇ ಇದ್ದೆ ಅಂತ ಇರಲಿ."

ಅಳಿಸಿದೆ. ಎರಡೂ ಬದಿ ತಗದೆ.
ರೊಕ್ಕ ಬ್ಯಾಡವ್ವಾ ಅಂದರ ಕೇಳಲಿಲ್ಲ;
ಚೀಲದ ತಳಾ ತಡಕಿ, ಒಂದೊಂದೇ ಬಿಲ್ಲಿ
ಮೂರೂ ಎಣಿಸಿ ಇಟ್ಟು
ರಸ್ತೆ ದಾಟಿ ಹೋದಳು.